ವನದ ದಾರಿಯಲ್ಲಿ ನಮ್ಮ ಗಿರಿಜ

ಗಿರಿಜಾಂಬಿಕಾ ನನ್ನ ತಂಗಿ ಸುವರ್ಣಮ್ಮನ ಮಗಳು. ಹುಟ್ಟಿದ್ದು ಕೆಂಕೆರೆಯಲ್ಲಿ. ನಾನು ಗಂಡನನ್ನು ಕಳೆದುಕೊಂಡು ತಂಗಿಯ ಮನೆಗೆ ಬಂದು ಸೇರಿದ ವರ್ಷವೇ ಅವಳು ಹುಟ್ಟಿದಳು. ಹೆತ್ತವಳು ಸುವರ್ಣಮ್ಮನಾದರೂ ಎರೆದು, ತೊಟ್ಟಿಲು ತೂಗಿ, ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಮಾತು ಬಂದಾಗ ಮೊದಲು ಅಂದದ್ದು ‘ದೊಡ್ಡವ್ವ’ ಅಂತ. ಇದಕ್ಕೆ ಸುವರ್ಣಮ್ಮ ಬಹಳ ದಿನ ನನ್ನ ಮೇಲೆ ಮುಖ ಊದಿಸಿಕೊಂಡಿದ್ದಳು.

ಎರಡು ವರ್ಷ ತುಂಬುವುದರೊಳಗೆ ಮಗುವಿಗೆ ಜ್ವರ ಬಂತು. ಅಂಥ ದೊಡ್ಡ ಜ್ವರವೂ ಅಲ್ಲ. ಕಷಾಯ ಕೊಟ್ಟೆವು, ತಾಯತ ಕಟ್ಟಿಸಿದೆವು, ಹುಳಿಯಾರಿಗೆ ಕರೆದುಕೊಂಡು ಹೋಗಿ ಸೂಜಿ ಹಾಕಿಸಿದೆವು. ಜ್ವರ ಬಿಟ್ಟಿತು. ಒಂದು ಬೆಳಿಗ್ಗೆ ನಿಲ್ಲಿಸಲು ಹೋದರೆ ಎಡಗಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅವಳು ಬೆಳೆದಳು, ಆ ಕಾಲು ಅಷ್ಟಾಗಿ ಬೆಳೆಯಲಿಲ್ಲ. ಬಲಗಾಲಿಗಿಂತ ಸಣ್ಣ, ಸ್ವಲ್ಪ ಗಿಡ್ಡ. ನಡೆದರೆ ಎಡಕ್ಕೆ ಬಾಗಿ ಮತ್ತೆ ಮೇಲೆದ್ದ ಹಾಗೆ ಕಾಣುತ್ತಿತ್ತು.

ಕಾಲಿನಲ್ಲಿ ಇಲ್ಲದ್ದೆಲ್ಲ ಬಾಯಲ್ಲಿತ್ತು ಅವಳಿಗೆ. ಶಾಲೆಯಲ್ಲಿ ಯಾರಾದರೂ ಕುಂಟಿ ಅಂದರೆ ಅಳುತ್ತಾ ಬರುವ ಮಗುವಲ್ಲ. ಅಂದವನನ್ನೇ ಅಳಿಸಿ ಬರುವವಳು. ಅವರಪ್ಪ ತೋಂಟದಾರ್ಯ ಒಂದು ಹಳೇ ಸೈಕಲ್ ತಂದುಕೊಟ್ಟಿದ್ದರು. ಬೀಳುತ್ತಾ ಏಳುತ್ತಾ ಅದನ್ನು ಕಲಿತಳು. ಸೈಕಲ್ ಮೇಲೆ ಕೂತರೆ ನಮ್ಮೂರಲ್ಲಿ ಅವಳಷ್ಟು ನೆಟ್ಟಗೆ ಯಾರೂ ಕಾಣುತ್ತಿರಲಿಲ್ಲ. ಹತ್ತನೇ ಕ್ಲಾಸು ಮುಗಿದ ಮೇಲೆ ಅದೇ ಸೈಕಲ್ಲಿನಲ್ಲಿ ಹುಳಿಯಾರಿಗೆ ಹೋಗಿ ಅಮೀನಾ ಬೀ ಹತ್ತಿರ ಹೊಲಿಗೆ ಕಲಿತಳು. ಅಮೀನಾ ಬೀ ಗಂಡ ನಿಜಾಮುದ್ದೀನ್ ಪ್ಯಾಂಟು ಷರಟು ಹೊಲಿಯುವವರು, ಈಯಮ್ಮ ಹೆಂಗಸರ ಬಟ್ಟೆ. ಬಲಗಾಲೊಂದರಲ್ಲೇ ಮಿಷನ್ ತುಳಿದು ಗಿರಿಜ ಒಂದು ಮಧ್ಯಾಹ್ನಕ್ಕೆ ಎರಡು ರವಿಕೆ ಮುಗಿಸುವಳು.

ಕಷ್ಟ ಶುರುವಾದದ್ದು ಗಂಡು ನೋಡಲು ಹೊರಟ ಮೇಲೆ.

ಹೆಣ್ಣು ನೋಡಲು ಬಂದವರು ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿರುತ್ತಾರೆ. ಹುಡುಗಿ ಅಡುಗೆಮನೆಯಿಂದ ಕಾಫಿ ಲೋಟಗಳ ತಟ್ಟೆ ಹಿಡಿದು ಬರಬೇಕು. ನಮ್ಮ ಮನೆಯದು ಕೆಂಪು ಗಾರೆಯ ನೆಲ, ಒರೆಸಿದರೆ ಕನ್ನಡಿ. ಗಿರಿಜ ನಾಲ್ಕು ಹೆಜ್ಜೆ ಇಡುವುದರಲ್ಲಿ ಲೋಟಗಳು ಗಲಗಲ ಅನ್ನುತ್ತಿದ್ದವು. ಕೂತವರ ಕಣ್ಣೆಲ್ಲ ಅವಳ ಮುಖ ಬಿಟ್ಟು ಕಾಲಿಗೆ ಇಳಿಯುತ್ತಿತ್ತು. ಒಂದು ಸಲ ಗಂಡಿನ ಸೋದರಮಾವನೊಬ್ಬ, “ಹುಡುಗಿ ಲಕ್ಷಣವಾಗವ್ಳೆ. ಆದ್ರೆ ಕಾಫಿ ಲೋಟದಲ್ಲಿ ಬರ್ಲಿಲ್ಲ, ತಟ್ಟೇಲಿ ಬಂತು,” ಅಂದ. ಬಂದವರೆಲ್ಲ ನಕ್ಕರು. ಅವತ್ತು ತೋಂಟದಾರ್ಯ ಸಂಜೆಯವರೆಗೂ ತೋಟದಲ್ಲೇ ಇದ್ದರು, ಊಟಕ್ಕೂ ಬರಲಿಲ್ಲ.

ಹೀಗೇ ಬಂದವರು ಬಂದಹಾಗೆ ಹೋದರು. ಗಿರಿಜನಿಗೆ ಇಪ್ಪತ್ತಾರು ನಡೆಯುತ್ತಿತ್ತು.

ಗಂಗಯ್ಯ ಅಂತ ಕಾಯಿ ವ್ಯಾಪಾರದ ದಲ್ಲಾಳಿ ನಮ್ಮ ಮನೆಗೆ ಬಂದು ಹೋಗುತ್ತಿದ್ದ. ಕಾಯಿ ನೋಡಲು ಊರೂರು ತಿರುಗುವವನಿಗೆ ಯಾರ ಮನೆಯಲ್ಲಿ ಗಂಡಿದೆ, ಯಾರ ಮನೆಯಲ್ಲಿ ಹೆಣ್ಣಿದೆ ಅನ್ನುವುದೂ ಗೊತ್ತಿರುತ್ತದೆ. ಅವನು ಒಂದು ದಿನ ಜಗುಲಿಯ ಮೇಲೆ ಕೂತು ದಂಡಿನಶಿವರದ ಸಂಬಂಧ ತೆಗೆದ. ಹುಡುಗನ ಹೆಸರು ದಯಾನಂದ್. ತಂದೆ ಇಲ್ಲ, ತಾಯಿ ಸಿದ್ದಗಂಗಮ್ಮ ಇದ್ದಾರೆ. ಅಡಿಕೆ ಇಲ್ಲ, ತೆಂಗಿನ ತೋಟ ಇದೆ, ರಾಗಿಯ ಹೊಲ ಇದೆ.

“ಕಾಲಿನ ವಿಚಾರ ಹೇಳಿದ್ಯಾ?” ಅಂತ ನಾನು ಕೇಳಿದೆ.

“ಹೇಳೋದ್ಯಾಕವ್ವ ಮೊದ್ಲೇ. ನೋಡ್ಲಿ, ಮಾತಾಡ್ಲಿ, ಮನಸ್ಸು ಕೂರ್ಲಿ. ಆಮೇಲೆ ಕಾಲು ಯಾವ ಲೆಕ್ಕ.”

“ನಡುಮನೇಲಿ ನಡೆದ್ರೆ ಗೊತ್ತಾಗಲ್ವೇನಯ್ಯ?” ಅಂದಳು ಸುವರ್ಣಮ್ಮ.

“ನಡುಮನೆ ಯಾಕೆ? ಚಿಕ್ಕನಾಯಕನಹಳ್ಳೀಲಿ ಊರಾಚೆ ಗುಡ್ಡದ ಬುಡದಾಗೆ ಅರಣ್ಯದೋರು ಹೊಸದಾಗಿ ವನ ಮಾಡವ್ರೆ, ನೋಡಿಲ್ವಾ? ಕಾಡಿನೊಳಗೇ ದಾರಿ ಬುಟ್ಟವ್ರೆ. ಹತ್ತೋದಿಲ್ಲ, ಇಳಿಯೋದಿಲ್ಲ. ಮಕ್ಳು ಮುದುಕ್ರು ಎಲ್ಲಾ ಸುತ್ತು ಹಾಕ್ತಾರೆ. ನಿಮಗೂ ನಡುಮಧ್ಯ, ಅವರಿಗೂ ನಡುಮಧ್ಯ. ಅಲ್ಲಿ ಯಾರು ಬೇಗ ನಡೀತಾರೆ? ಎಲ್ಲ ಮರ ನೋಡ್ಕೊಂಡು ನಿಧಾನವಾಗೇ ಹೋಗೋದು. ತಟ್ಟೆ ಇಲ್ಲ, ಲೋಟ ಇಲ್ಲ. ಮಣ್ಣಿನ ದಾರಿ.”

ಆಗೆಲ್ಲ ಹೆಣ್ಣು ನೋಡುವುದನ್ನು ಗುಡಿಯಲ್ಲೋ ನೆಂಟರ ಮದುವೆಯಲ್ಲೋ ಆಕಸ್ಮಿಕವಾಗಿ ಸಿಕ್ಕಿದ ಹಾಗೆ ಇಟ್ಟುಕೊಳ್ಳುವುದು ಇತ್ತು. ಒಪ್ಪದಿದ್ದರೆ ಎರಡು ಕಡೆಗೂ ಮುಖಭಂಗವಿಲ್ಲ. ಆದ್ದರಿಂದ ವನ ಅಂದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಸುವರ್ಣಮ್ಮನ ಮುಖ ಅರಳಿತು. ತೋಂಟದಾರ್ಯ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಗಿರಿಜನನ್ನು ಯಾರೂ ಕೇಳಲಿಲ್ಲ.

ನನಗೆ ಮಾತ್ರ ಹಳೆಯದೊಂದು ನೆನಪಾಯಿತು. ನಮ್ಮ ಬೀಗರ ಪೈಕಿ ಒಂದು ಹುಡುಗಿಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಅದನ್ನು ಹೇಳದೆ ಧಾರೆ ಎರೆದುಕೊಟ್ಟರು. ಗೌರಿ ಹಬ್ಬಕ್ಕೆ ತವರಿಗೆ ಕಳಿಸಿದವರು ಮತ್ತೆ ಕರೆಯಲು ಬರಲೇ ಇಲ್ಲ. ಹುಡುಗಿ ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲು ಕಂಡರೆ ಈ ಸಂಬಂಧವೂ ಹೋಯಿತು ಅನ್ನುವುದು ಒಂದು ಭಯ. ಕಾಣದೇ ಹೋದರೆ ಮುಂದೇನು ಗತಿ ಅನ್ನುವುದು ಅದಕ್ಕಿಂತ ದೊಡ್ಡ ಭಯ. ಎರಡರ ನಡುವೆ ನಾನು ದೇವರನ್ನು ಏನಂತ ಬೇಡಿಕೊಳ್ಳಲಿ? ಊದಿನಕಡ್ಡಿ ಹಚ್ಚಿ ಸುಮ್ಮನೆ ನಿಂತಿರುತ್ತಿದ್ದೆ.

ಸುವರ್ಣಮ್ಮ ತಯಾರಿಗೆ ಇಳಿದಳು. ನೀಲಿ ಸೀರೆಯೊಂದನ್ನು ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ಅಮೀನಾ ಬೀ ಹತ್ತಿರ ಹೋದಳು. ಸೀರೆಯ ಅಂಚಿಗೆ ಎರಡು ಪದರ ಫಾಲ್ಸ್ ಇಟ್ಟು ಹೊಲಿಯಬೇಕು, ಅಂಚು ಭಾರವಾಗಿ ನೆಲ ಮುಟ್ಟಬೇಕು ಅಂದಳು.

“ಎರಡು ಯಾಕಮ್ಮಾ? ಸೀರೇನ ಗಾಳಿ ಹೊತ್ಕೊಂಡು ಹೋಗ್ತದಾ?” ಅಂತ ಅಮೀನಾ ಬೀ ನಕ್ಕರು. ಸುವರ್ಣಮ್ಮ ವಿಷಯ ಹೇಳಿದ ಮೇಲೆ ನಗು ನಿಂತಿತು. ಸೀರೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. “ನಾನು ಕೆಲಸ ಕಲಿಸಿದ ಹುಡುಗಿ. ಅವಳ ಕಾಲು ಮುಚ್ಚೋಕೆ ನನ್ನ ಕೈಲೇ ಹೊಲಿಸ್ತೀರಾ?” ಅಂದರು. ಆದರೂ ಹೊಲಿದುಕೊಟ್ಟರು. ಕೂಲಿ ಬೇಡ ಅಂದರು.

ಹೊರಡುವ ಹಿಂದಿನ ದಿನ ಸುವರ್ಣಮ್ಮ ನನ್ನನ್ನು ಹಿತ್ತಲಿಗೆ ಕರೆದಳು.

“ಅಕ್ಕ, ನೀನೊಂದು ಕೆಲಸ ಮಾಡ್ಬೇಕು. ಮೊಣಕಾಲು ನೋವು ಅಂತ ಹೇಳಿ ನೀನು ಕುಂಟು. ಗಿರಿಜ ನಿನ್ನ ಕೈ ಹಿಡ್ಕೊಂಡಿರ್ಲಿ. ಅವ್ಳು ವಾಲಿದ್ರೆ ನೀನು ಭಾರ ಬಿಟ್ಟೆ ಅನ್ಕೋತಾರೆ. ದೊಡ್ಡೋರಿಗೆ ಆಸರೆ ಕೊಡೋ ಹುಡುಗಿ ಅಂತ ಹೆಸರೂ ಬರುತ್ತೆ.”

“ನನ್ನ ಕಾಲು ನೆಟ್ಟಗೈತಲ್ಲೇ.”

“ಅದಕ್ಕೇ ಹೇಳಿದ್ದು. ಇಲ್ದಿದ್ರೆ ಹೇಳ್ಬೇಕಿತ್ತಾ?”

ನಾನು ಒಪ್ಪಿದೆ. ಆ ಮನೆಯಲ್ಲಿ ಅನ್ನ ಉಂಡವಳು, ಆ ಮಗುವನ್ನು ಸಾಕಿದವಳು. ಹೇಗೆ ಇಲ್ಲ ಅನ್ನಲಿ. ಗಿರಿಜ ಈ ಸುದ್ದಿ ಕೇಳಿ ನನ್ನ ಮುಂದೆ ಬಂದು ನಿಂತಳು. “ಎಲ್ಲಿ ದೊಡ್ಡವ್ವ, ಕುಂಟು ನೋಡನ,” ಅಂದಳು. ನಾನು ಅಂಗಳದಲ್ಲಿ ಹತ್ತು ಹೆಜ್ಜೆ ಕುಂಟಿದೆ. “ಅಯ್ಯ, ನೀನು ಸರಿಯಾಗಿ ಕುಂಟ್ತಾ ಇಲ್ಲ ಕಣೇ. ಭುಜ ಮೊದ್ಲು ಇಳೀಬೇಕು,” ಅಂತ ತೋರಿಸಿಕೊಟ್ಟಳು. ನಗುತ್ತಲೇ ತೋರಿಸಿದಳು. ಆಮೇಲೆ ಒಳಗೆ ಹೋಗಿ ಮಿಷನ್ ಮುಂದೆ ಕೂತವಳು ಬಹಳ ಹೊತ್ತು ಏನೂ ಹೊಲಿಯಲಿಲ್ಲ.

ಇಸವಿ ತೊಂಬತ್ತೇಳು ಇರಬೇಕು. ಚಳಿ ಕಳೆದು ಬಿಸಿಲು ಇನ್ನೂ ಏರದ ಕಾಲ, ಹೊಂಗೆಯ ಮರಗಳು ಹೊಸ ಎಲೆ ಬಿಡುತ್ತಿದ್ದವು. ಬಸ್ಸಿಳಿದು ನಡೆದು ವನದ ಬಾಗಿಲಿಗೆ ಬಂದೆವು. ಬಾಗಿಲಲ್ಲಿ ಸಿಮೆಂಟಿನ ಜಿಂಕೆ ಎರಡು, ಒಂದರ ಕೊಂಬು ಆಗಲೇ ಮುರಿದಿತ್ತು. ಕಾಡಿನೊಳಗೆ ಹೋಗುವ ದಾರಿಯ ಎರಡು ಕಡೆ ಕಲ್ಲು ನೆಟ್ಟು ಸುಣ್ಣ ಬಳಿದಿದ್ದರು. ಭಾನುವಾರವಾದ್ದರಿಂದ ಜನ ಇದ್ದರು. ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಗಂಡಸರು, ಮರಕ್ಕೆ ತೂಗುಹಾಕಿದ ಹೆಸರಿನ ಹಲಗೆಗಳನ್ನು ಕೂಗಿ ಓದುವ ಮಕ್ಕಳು. ನಮ್ಮನ್ನು ಬಿಟ್ಟು ಉಳಿದವರಿಗೆಲ್ಲ ಅದು ಸುಖದ ಜಾಗವೇ.

ಗಂಗಯ್ಯ ಅವರನ್ನು ಕರೆದುಕೊಂಡು ಬಂದು, “ಓಹೋ, ತೋಂಟದಾರ್ಯನೋರು, ನೀವೂ ಇಲ್ಲೇ,” ಅಂದ. ಆ ನಟನೆಗೆ ಯಾರೂ ಮೋಸಹೋಗುವಂತಿರಲಿಲ್ಲ. ಸಿದ್ದಗಂಗಮ್ಮ ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಗಟ್ಟಿ ದನಿ. ದಯಾನಂದ್ ಮಾತು ಕಡಿಮೆ. ಕೈಯಲ್ಲೊಂದು ಕಡ್ಲೆಪುರಿ ಪೊಟ್ಟಣ ಇತ್ತು, ಅದನ್ನು ಯಾರಿಗೆ ಕೊಡಬೇಕು ಅಂತ ತಿಳಿಯದೆ ಒದ್ದಾಡುತ್ತಿದ್ದ. ಕಡೆಗೆ ಸುವರ್ಣಮ್ಮ ಈಸಿಕೊಂಡಳು.

ಹೊರಟೆವು. ಗಿರಿಜ ನನ್ನ ಬಲಗೈ ಹಿಡಿದಿದ್ದಳು. ನಾನು ಕುಂಟಿದೆ. ಅವಳು ಎಡಕ್ಕೆ ವಾಲಿದಾಗೆಲ್ಲ ನಾನೂ ವಾಲಬೇಕು. ಎಷ್ಟು ಕಷ್ಟ ಅದು. ಗಮನವೆಲ್ಲ ಅವಳ ಭುಜದ ಮೇಲೆ, ಬಾಯಲ್ಲಿ ಮಾತ್ರ “ಎಂಥ ತಂಪು ನೋಡಿ” ಅನ್ನುವ ಮಾತು. ದಾರಿ ಗಂಗಯ್ಯ ಹೇಳಿದ ಹಾಗೇ ಇತ್ತು. ಮೆತ್ತನೆ ಮಣ್ಣು, ಮೇಲೆ ಒಣಗಿದ ಎಲೆ. ಕಕ್ಕೆ ಮರ, ಮುತ್ತುಗದ ಮರ, ಕಲ್ಲುಬಂಡೆಗಳ ಸಂದಿಯಲ್ಲಿ ತಂಗಡಿ ಗಿಡ. ಎಲ್ಲೋ ಒಂದು ನವಿಲು ಕೂಗಿತು. ಭಾರದ ಅಂಚು ಅವಳ ಪಾದ ಮುಚ್ಚಿಕೊಂಡು ಎಲೆಯನ್ನು ಎಳೆದುಕೊಂಡು ಬರುತ್ತಿತ್ತು. ಸ್ವಲ್ಪ ದೂರ ಹೋಗುವುದರೊಳಗೆ, ಇದು ನಡೆದುಬಿಡುತ್ತದೆ, ಯಾರಿಗೂ ತಿಳಿಯುವುದಿಲ್ಲ ಅನ್ನಿಸಿತು. ಅನ್ನಿಸಿದ್ದೇ ತಡ, ಬಾಗಿಲ ಕಡೆ ಮುಖ ಮಾಡಿ ಕೂತಿದ್ದ ಆ ಕಿವಿ ಕೇಳದ ಹುಡುಗಿ ನೆನಪಾದಳು.

ನಡುವೆ ಒಂದು ಒಣಹಳ್ಳ. ಅದರ ಮೇಲೆ ಹಲಗೆ ಹಾಸಿದ ಸಣ್ಣ ಸೇತುವೆ. ಇದನ್ನು ಗಂಗಯ್ಯ ಹೇಳಿರಲಿಲ್ಲ. ಮಣ್ಣಿನ ಮೇಲೆ ಕೇಳದ ಹೆಜ್ಜೆ ಹಲಗೆಯ ಮೇಲೆ ಕೇಳುತ್ತದೆ. ಮುಂದೆ ಹೋಗುತ್ತಿದ್ದ ದಯಾನಂದನ ಕಾಲ್ಸಪ್ಪಳ ಟಕ ಟಕ ಅಂತ ಒಂದೇ ಸಮ ಬಂತು. ಗಿರಿಜನದು ಒಂದು ಜೋರು, ಒಂದು ಮೆತ್ತಗೆ, ಎಳೆದ ಹಾಗೆ. ನಾನು ನನ್ನ ಕಾಲನ್ನು ದಬದಬ ಬಡಿದೆ. “ನಿಧಾನ ಅತ್ತಿಗೆ, ಹಲಗೆ ಮುರಿದೀತು,” ಅಂದರು ತೋಂಟದಾರ್ಯ, ನನ್ನ ಮುಖ ನೋಡದೆ.

ಸೇತುವೆ ದಾಟಿದ ಮೇಲೆ ಒಂದು ಕಲ್ಲುಬೆಂಚು. ಸಿದ್ದಗಂಗಮ್ಮ ಅಲ್ಲಿ ನಿಂತುಬಿಟ್ಟರು.

“ಪಾಪ, ಈ ಅಕ್ಕಾರಿಗೆ ಇಷ್ಟು ನೋವಿಟ್ಕೊಂಡು ಯಾಕ್ರೀ ನಡೆಸ್ತೀರಾ?” ಅಂತ ಸುವರ್ಣಮ್ಮನನ್ನು ಗದರಿದರು. “ಬನ್ನಿ ಅಕ್ಕಾರೆ, ಕೂತ್ಕಳಿ. ನಾನೂ ಕೂತಿರ್ತೀನಿ. ನಾವೆಲ್ಲ ಇಲ್ಲೇ ಇರಣ. ದಯಾನಂದ, ನೀನೂ ಈ ಹುಡುಗೀನೂ ಹೋಗಿ ಸುತ್ತು ಮುಗಿಸ್ಕೊಂಡು ಬನ್ರಪ್ಪ. ನಮ್ ಮುಂದೆ ನೀವು ಬಾಯಿ ಬಿಡಲ್ಲ.”

ನಮ್ಮ ಉಪಾಯ ನಮ್ಮ ಕೊರಳಿಗೇ ಬಿತ್ತು. ನನ್ನ ಮೊಣಕಾಲು ನೋವಿನ ಮೇಲಿನ ಕರುಣೆಯಿಂದಲೇ ಗಿರಿಜನ ಆಸರೆ ತಪ್ಪಿತು. ಸುವರ್ಣಮ್ಮ, “ಅವ್ಳೂ ಇಲ್ಲೇ ಇರ್ಲಿ ಬುಡಿ, ಬಿಸ್ಲು,” ಅಂತ ಏನೋ ತೊದಲಿದಳು. ಬಿಸಿಲೆಲ್ಲಿತ್ತು, ಕಾಡಿನ ನೆರಳು. ನಾನು ಗಿರಿಜನ ಕೈ ಬಿಡಲಿಲ್ಲ. ಅವಳೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.

“ಹೋಗಿ ಬತ್ತೀನಿ ದೊಡ್ಡವ್ವ,” ಅಂದಳು.

ಅವರು ಹೊರಟ ಕಡೆಯೇ ತಿರುವು. ಅಲ್ಲಿಗೆ ಹತ್ತಾರು ಹೆಜ್ಜೆ. ಗಿರಿಜ ತೀರಾ ನಿಧಾನವಾಗಿ, ಪ್ರತಿಯೊಂದು ಮರವನ್ನೂ ನೋಡುವವಳ ಹಾಗೆ ನಡೆದಳು. ಸಿದ್ದಗಂಗಮ್ಮ ಆ ಕಡೆ ತಿರುಗಬಾರದು ಅಂತ ನಾನು “ಅಯ್ಯಮ್ಮ, ನೋವು” ಅಂತ ನರಳಿದೆ. ಆಕೆ ನನ್ನ ಕಡೆ ತಿರುಗಿದರು. ಕಾಡು ಅವರಿಬ್ಬರನ್ನೂ ಮರೆಮಾಡಿತು.

“ಯಾವ ಕಾಲು?”

“ಎಡಗಾಲು,” ಅಂದೆ.

ಆಕೆ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಮೊಣಕಾಲು ನೀವತೊಡಗಿದರು. ನಾನು ಬೇಡ ಬೇಡ ಅಂದರೂ ಕೇಳಲಿಲ್ಲ. “ನಮ್ಮತ್ತೆಗೂ ಹಿಂಗೇ ಇತ್ತು. ಹರಳೆಣ್ಣೆ ಬಿಸಿ ಮಾಡಿ ಎಕ್ಕದೆಲೆ ಕಟ್ಟಿ. ನಾಚ್ಕೆ ಯಾಕೆ, ನೀವು ನನ್ನ ಅಕ್ಕ ಇದ್ದಂಗೆ.” ದಪ್ಪ, ಕೆಲಸ ಮಾಡಿದ ಕೈ. ಅಷ್ಟು ಪ್ರೀತಿಯಿಂದ ನನ್ನ ಕಾಲನ್ನು ಅದುವರೆಗೆ ಯಾರೂ ಮುಟ್ಟಿರಲಿಲ್ಲ. ಏನೂ ಆಗದ ಕಾಲು ಅದು. ಆಕೆ ಒತ್ತಿದ ಕಡೆಯೆಲ್ಲ ಸುಟ್ಟಹಾಗಾಗುತ್ತಿತ್ತು.

ಈಗ ಹೇಳಿಬಿಡಲೇ ಅಂದುಕೊಂಡೆ. ಈ ಹೆಂಗಸಿಗೆ ಹೇಳಿದರೆ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಗಿರಿಜನ ಬದುಕನ್ನು ನಾನೇ ನನ್ನ ಬಾಯಾರೆ ಕೆಡಿಸಿದ ಹಾಗೆ.

“ನಮ್ಮ ಗಿರಿಜ...” ಅಂತ ಶುರುಮಾಡಿದೆ.

“ತಗೊಳಿ, ಕಡ್ಲೆಪುರಿ ತಗೊಳಿ,” ಅಂತ ಸುವರ್ಣಮ್ಮ ಪೊಟ್ಟಣವನ್ನು ನಮ್ಮಿಬ್ಬರ ನಡುವೆ ಚಾಚಿದಳು. ಅವಳ ಕಣ್ಣು ನನ್ನನ್ನು ಸುಡುವ ಹಾಗಿತ್ತು.

ಹೊತ್ತು ಹೋಯಿತು. ನಮ್ಮ ಹಿಂದೆ ಬಂದ ಸಂಸಾರಗಳು ಸುತ್ತು ಮುಗಿಸಿ ಬಾಗಿಲ ಕಡೆ ಹೋದವು. ಕೋಲೂರಿದ ಮುದುಕರೊಬ್ಬರು ಕೂಡ ಹೋದರು. ನಮ್ಮವರಿಬ್ಬರು ಮಾತ್ರ ಬರಲಿಲ್ಲ. ತೋಂಟದಾರ್ಯ ಎದ್ದು ತಿರುವಿನವರೆಗೆ ಹೋಗಿ, ಇಣುಕಿ ನೋಡಿ ವಾಪಸು ಬಂದು ಕೂತರು. ಬಿದ್ದಳೇ? ಮುಂದೆ ಕಲ್ಲಿನ ಮೆಟ್ಟಿಲಿದೆಯೇ? ಸೀರೆಯ ಭಾರದ ಅಂಚನ್ನು ಮೆಟ್ಟಿ ಎಡವಿದಳೇ? ಗಂಗಯ್ಯ, “ಚೆನ್ನಾಗಿ ಮಾತಾಡ್ತಾ ಅವ್ರೆ ಅಂತ ಕಾಣುತ್ತೆ,” ಅಂದ.

ಆಮೇಲೆ, ಸುತ್ತುದಾರಿ ತಿರುಗಿ ಬೆಂಚಿನ ಹತ್ತಿರ ಬಂದು ಸೇರುವ ಕಡೆ, ಬಂಡೆಯೊಂದರ ಮರೆಯಿಂದ ದಯಾನಂದ ಬಂದ. ಒಬ್ಬನೇ.

ಸುವರ್ಣಮ್ಮ ಎದ್ದು ನಿಂತಳು. ಅವನು ಸ್ವಲ್ಪ ದೂರದಲ್ಲಿ ನಿಂತು ಹಿಂದಕ್ಕೆ ತಿರುಗಿದ. ಆಗ ಗಿರಿಜ ಕಂಡಳು. ಚಪ್ಪಲಿ ಎರಡೂ ಕೈಯಲ್ಲಿದ್ದವು. ಸೀರೆಯ ನೆರಿಗೆಯನ್ನು ಗದ್ದೆಗೆ ಇಳಿಯುವವರ ಹಾಗೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ಆ ಸಣ್ಣ ಕಾಲು, ಒಳಕ್ಕೆ ತಿರುಗಿದ ಪಾದ, ಎಲ್ಲ ಎದ್ದು ಕಾಣುತ್ತಿತ್ತು. ಮರೆಸುವ ಪ್ರಯತ್ನವೇ ಇಲ್ಲದೆ, ಮನೆಯ ಅಂಗಳದಲ್ಲಿ ನಡೆಯುವಂತೆ, ವಾಲುತ್ತಾ ಏಳುತ್ತಾ ಬಂದಳು. ಬೇಗನೇ ಬಂದಳು.

ದಯಾನಂದ ತಾಯಿಗೆ ಹೇಳಿದ. “ಅವ್ವ, ಇವ್ರಿಗೆ ಚಿಕ್ಕವಯಸ್ನಾಗೇ ಜ್ವರ ಬಂದು ಕಾಲು ಹೋಯ್ತಂತೆ. ಅವ್ರೇ ಹೇಳಿದ್ರು.”

ಸಿದ್ದಗಂಗಮ್ಮನ ಕೈ ಇನ್ನೂ ನನ್ನ ಮೊಣಕಾಲ ಮೇಲಿತ್ತು. ಗಿರಿಜನ ಕಾಲನ್ನು ನೋಡಿದರು. ನನ್ನ ಕಾಲನ್ನು ನೋಡಿದರು. ನಿಧಾನವಾಗಿ ಕೈ ತೆಗೆದರು.

“ಎದ್ದು ನಿಂತ್ಕಳಿ ಅಕ್ಕಾರೆ,” ಅಂದರು.

ನಿಂತೆ. ಇನ್ನು ಕುಂಟುವುದು ಯಾರಿಗಾಗಿ.

“ಹುಡುಗಿ ಕಾಲಿಗೆ ನನಗೆ ಸಿಟ್ಟಿಲ್ಲ ಕಣ್ರೀ. ನಿಮ್ಮ ಕಾಲು ಹಿಸುಕ್ತಾ ಕೂತಿದ್ನಲ್ಲ, ಅದಕ್ಕೆ ಸಿಟ್ಟು,” ಅಂದರು. ಗಂಗಯ್ಯನ ಕಡೆ ತಿರುಗಿ, “ಕಾಯಿ ಒಳಗೆ ಕೆಟ್ಟಿದ್ರೂ ಹಿಂಗೇ ಮಾರ್ತೀಯೇನಯ್ಯ ನೀನು?” ಅಂದರು. ಮಗನನ್ನು ಕರೆದುಕೊಂಡು ಹೊರಟೇಹೋದರು. ದಯಾನಂದ ಒಂದು ಸಲ ತಿರುಗಿ ನೋಡಿದ. ಗಿರಿಜ ಆಗ ಬೆಂಚಿನ ಮೇಲೆ ಕೂತು ಪಾದಕ್ಕೆ ಚುಚ್ಚಿದ್ದ ಮುಳ್ಳು ತೆಗೆದುಕೊಳ್ಳುತ್ತಿದ್ದಳು.

“ಯಾಕೇ ಹಿಂಗೆ ಮಾಡ್ದೆ?” ಅಂತ ಸುವರ್ಣಮ್ಮ ಅತ್ತಳು.

“ತಿರುವು ದಾಟಿದ್ಮೇಲೆ ಕೇಳ್ದೆ, ನನ್ನ ಕಾಲಿನ ವಿಚಾರ ನಿಮಗೆ ಗೊತ್ತಾ ಅಂತ. ಇಲ್ಲ ಅಂದ್ರು. ಹಂಗಾದ್ರೆ ನೀವು ಮುಂದೆ ಹೋಗಿ ನಿಂತ್ಕಳಿ, ನಾನು ನಡೆದು ಬತ್ತೀನಿ, ನೋಡಿ ಅಂದೆ. ಪ್ರತಿ ತಿರುವಲ್ಲೂ ನಿಂತು ನೋಡಿದ್ರು. ಅದಕ್ಕೇ ತಡ ಆಯ್ತು.”

“ಏನಂದ?” ಅಂತ ನಾನು ಕೇಳಿದೆ.

“ನೋಯುತ್ತಾ ಅಂದ್ರು. ಕಾಲು ನೋಯಲ್ಲ, ಈ ಸೀರೆ ನೋಯುತ್ತೆ ಅಂದೆ. ಆಮೇಲೆ ಏನೂ ಮಾತಾಡ್ಲಿಲ್ಲ. ಒಂದು ಕಡೆ ಮುಳ್ಳಿನ ಕೊಂಬೆ ಅಡ್ಡ ಇತ್ತು, ನಾನು ದಾಟೋಗಂಟ ಎತ್ತಿ ಹಿಡ್ಕೊಂಡಿದ್ರು.”

ಅಷ್ಟೇ. ಆ ಕೊಂಬೆಯನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲಿ ಹೊರಳಿಸಿ ಹೊರಳಿಸಿ ನೋಡಿದೆ. ಎತ್ತಿ ಹಿಡಿದನೆಂದರೆ ಒಪ್ಪಿದ ಹಾಗೋ, ಅಥವಾ ಕುಂಟಿ ಪಾಪ ಅಂತಲೋ. ಗಿರಿಜ ಆ ಮಾತೇ ಎತ್ತಲಿಲ್ಲ. ಸೀರೆಯ ಫಾಲ್ಸ್ ಬಿಚ್ಚಿ ಒಂದು ಪದರ ತೆಗೆದು ಮತ್ತೆ ಹೊಲಿದಳು. ಆದರೆ ರಸ್ತೆಯಲ್ಲಿ ಗಂಗಯ್ಯನ ಮೊಪೆಡ್ ಸದ್ದು ಕೇಳಿದರೆ ಮಿಷನ್ ನಿಂತುಬಿಡುತ್ತಿದ್ದುದು ನನಗೆ ಅಡುಗೆಮನೆಗೆ ಕೇಳುತ್ತಿತ್ತು. ಅವಳಿಗೆ ಆ ಹುಡುಗ ಹಿಡಿಸಿದ್ದ. ಅದು ನನ್ನ ಹೊಸ ಕಳವಳ. ಹಿಂದೆ ಬಂದು ಹೋದ ಯಾರೂ ಅವಳಿಗೆ ಹಿಡಿಸಿರಲಿಲ್ಲ, ಅದರಿಂದ ಅವರು ಹೋದದ್ದು ನಮಗಷ್ಟೇ ನೋವಾಗಿತ್ತು.

ಗಂಗಯ್ಯ ಬಂದಾಗ ನಾವು ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದೆವು. ಜಗುಲಿಯ ಮೇಲೆ ಕೂರದೆ ನಿಂತೇ ಹೇಳಿದ.

“ಹುಡುಗ ಒಪ್ಪವ್ನೆ. ಆಯಮ್ಮಂದು ಒಂದು ಮಾತೈತೆ. ಒಪ್ಪಿಗೆ ಶಾಸ್ತ್ರದ ದಿನ ಅವರ ನೆಂಟರೆಲ್ಲ ಬರ್ತಾರೆ. ಅವರ ಕಣ್ಮುಂದೆ ಹುಡುಗಿ ಬೀದಿಯಿಂದ ಚಪ್ಪರದ ತುದಿಗಂಟ ಒಬ್ಳೇ ನಡೆದು ಬರ್ಬೇಕು. ಯಾರೂ ಕೈ ಹಿಡಿಯಂಗಿಲ್ಲ. ನಾಳೆ ಯಾರೂ ಮೋಸ ಆಯ್ತು ಅನ್ನಬಾರ್ದು ಅಂತ.”

ಸುವರ್ಣಮ್ಮ ಕೈಲಿದ್ದ ಕೊಬ್ಬರಿಯನ್ನು ಚೀಲಕ್ಕೆ ಎಸೆದಳು. “ದನದ ಪರಿಷೇಲಿ ಎತ್ತು ನಡೆಸಿ ನೋಡ್ದಂಗಾ? ಬೇಡ. ಈ ಸಂಬಂಧವೇ ಬೇಡ. ನನ್ನ ಮಗಳು ಮನೇಲೇ ಇರ್ತಾಳೆ.”

“ಅವ್ವ,” ಅಂದಳು ಗಿರಿಜ, “ವನದಲ್ಲಿ ನೀವು ನಡೆಸಿದ್ದು ಏನು ಮತ್ತೆ?”

ತೋಂಟದಾರ್ಯ ಮಗಳನ್ನು ಕೇಳಿದರು, ಅಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದರು. “ನೀನೇನಂತೀಯವ್ವ?”

“ನಡೀತೀನಿ. ಸೀರೆ ನಾನೇ ಹೊಲ್ಕೋತೀನಿ.”

ಒಪ್ಪಿಗೆಯ ದಿನ ಅಂಗಳಕ್ಕೆ ತೆಂಗಿನ ಗರಿಯ ಚಪ್ಪರ ಹಾಕಿಸಿದ್ದರು. ಎರಡು ಕಡೆ ಚಾಪೆ, ನಡುವೆ ದಾರಿ. ಒಂದು ಕಡೆ ದಂಡಿನಶಿವರದ ನೆಂಟರು, ಇನ್ನೊಂದು ಕಡೆ ನಮ್ಮವರು. ಚಪ್ಪರದ ಕೊನೆಯಲ್ಲಿ ಸಿದ್ದಗಂಗಮ್ಮ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ನಾನು ಅಮೀನಾ ಬೀ ಪಕ್ಕ ಕೂತಿದ್ದೆ. ನಾನು ಏಳದ ಹಾಗೆ ಸೆರಗು ಹಿಡಿದುಕೊಂಡಿರಿ ಅಂತ ಅವರಿಗೆ ಮೊದಲೇ ಹೇಳಿದ್ದೆ. ಆ ಹುಡುಗಿ ವಾಲಿದರೆ ನನ್ನ ಕೈ ತಾನಾಗೇ ಚಾಚುತ್ತದೆ. ಹುಟ್ಟಿದಾಗಿನಿಂದ ಆದ ಅಭ್ಯಾಸ ಅದು.

ಗಿರಿಜ ಬೀದಿಯ ಕಡೆಯಿಂದ ಒಳಗೆ ಬಂದಳು. ಮಾತುಕತೆ ನಿಂತುಹೋಯಿತು. ಹಸಿರು ಸೀರೆ, ಅಂಚು ಪಾದದಿಂದ ಒಂದು ಗೇಣು ಮೇಲೆ. ಒಂದು ಹೆಜ್ಜೆ ಇಟ್ಟಳು, ವಾಲಿದಳು, ಎದ್ದಳು. ಇನ್ನೊಂದು. ಅವರ ಕಡೆಯ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಸುವರ್ಣಮ್ಮ ಕಂಬದ ಹಿಂದೆ ಮುಖ ಮರೆಸಿಕೊಂಡಿದ್ದಳು. ಅಂಗಳದ ಸಗಣಿ ಸಾರಿಸಿದ ನೆಲ ಇನ್ನೂ ಅಲ್ಲಲ್ಲಿ ಹಸಿಯಾಗಿತ್ತು.

ನಡುವೆ ಬಂದು ನಿಂತುಬಿಟ್ಟಳು.

ನಾನು ಏಳಹೋದೆ. ಅಮೀನಾ ಬೀ ಸೆರಗು ಎಳೆದು ಕೂರಿಸಿದರು. ಆಗದು, ಅವಳಿಂದ ಆಗದು, ಎಲ್ಲರ ಕಣ್ಣು ತಿಂದುಬಿಟ್ಟಿತು ಅವಳನ್ನು ಅಂದುಕೊಂಡೆ. ಗಿರಿಜ ನೋಡುತ್ತಿದ್ದುದು ಚಾಪೆಯ ಅಂಚಿನಲ್ಲಿ ದಾರಿಗೆ ಕಾಲು ಚಾಚಿ ಕೂತಿದ್ದ ಅವರ ಕಡೆಯ ಮುದುಕರೊಬ್ಬರನ್ನು.

“ಕಾಲು ಒಳಕ್ಕೆ ಎಳ್ಕಳಿ ತಾತ,” ಅಂದಳು. “ನನ್ನ ಎಡಗಾಲು ಎಲ್ಲಿ ಬೀಳುತ್ತೆ ಅಂತ ನನಗೂ ಹೇಳಕ್ಕಾಗಲ್ಲ.”

ಮುದುಕರು ಗಡಿಬಿಡಿಯಲ್ಲಿ ಕಾಲು ಮಡಚಿಕೊಂಡರು. ಪಕ್ಕದವರೂ ಮಡಚಿಕೊಂಡರು, ಅವರ ಪಕ್ಕದವರೂ. ಯಾರೋ ಕಿಸಕ್ಕನೆ ನಕ್ಕರು. ಕಿವಿಯಲ್ಲಿ ಪಿಸುಗುಟ್ಟಿದ್ದ ಹೆಂಗಸು ತನ್ನ ಮಗುವನ್ನು ತೊಡೆಗೆ ಎಳೆದುಕೊಂಡು ದಾರಿ ಅಗಲ ಮಾಡಿದಳು. ಗಿರಿಜ ಮತ್ತೆ ಹೆಜ್ಜೆ ಇಟ್ಟಳು. ದಯಾನಂದ ತಲೆ ತಗ್ಗಿಸಿರಲಿಲ್ಲ, ವನದಲ್ಲಿ ನೋಡಿದ ಹಾಗೇ ನೇರವಾಗಿ ನೋಡುತ್ತಿದ್ದ.

ಕೊನೆಯ ಕಂಬ ದಾಟಿದಳು. ಕೂರಲು ಬಾಗುವಾಗ ಅವಳಿಗೆ ಯಾವಾಗಲೂ ಏನಾದರೊಂದು ಹಿಡಿಯಲು ಬೇಕು, ಇಲ್ಲದಿದ್ದರೆ ಮುಗ್ಗರಿಸುತ್ತಾಳೆ. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಅವಳು ಸುತ್ತ ನೋಡಿದಳು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಬಗ್ಗಿ ಸಿದ್ದಗಂಗಮ್ಮನ ಹೆಗಲ ಮೇಲೆ ಕೈಯೂರಿ, ಪೂರ್ತಿ ಭಾರ ಬಿಟ್ಟು, ಕೂತಳು.

ಸಿದ್ದಗಂಗಮ್ಮ ಅಲುಗಾಡಲಿಲ್ಲ. “ತಾಂಬೂಲ ತರ್ರಪ್ಪ, ಹೊತ್ತಾಯ್ತು,” ಅಂದರು.